ಹಾಜರಿಯ ಹಿಂದೆ ನಿಂತ ಹೊಗೆ

ಪಿಸುಮಾತು ಹಿಡಿಯುವುದರಲ್ಲಿ ನನ್ನ ಕಿವಿಗೆ ಮೂರು ಲೋಕದಲ್ಲೂ ಸಾಟಿಯಿಲ್ಲ. ಆಸ್ಪತ್ರೆಯ ಲಿಫ್ಟಿಗಾಗಿ, ಗಡ್ಡ ನೆರೆತುಹೋಗುವಷ್ಟು ಉದ್ದದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಂದೇ ಕಾರ್ಖಾನೆಯ ಇಬ್ಬರು ಇಂಜಿನಿಯರುಗಳು: ಹಿರಿಯಳೊಬ್ಬಳು, ಕಿರಿಯನೊಬ್ಬ.

“ಬಾಯ್ಲರ್ ಮನೇಲಿ ಹೊಗೆ ಎದ್ದಿದ್ದು ಸೈರನ್ ಕೂಗಿಸೋ ಸರ್ವರ್‌ಗೆ ಗೊತ್ತೇ ಆಗ್ಲಿಲ್ವಾ ಮೇಡಂ?”

“ಗೊತ್ತಾಯ್ತು ಕಣೋ, ತಡವಾಗಿ. ಮಧ್ಯೆ ನಾನು ಮೆಸೇಜ್ ಬ್ರೋಕರ್ ಕೂರಿಸಿದ್ನಲ್ಲ, ಬಂದ ಸಂದೇಶಗಳನ್ನ ಸಾಲಲ್ಲಿಟ್ಟು ಒಂದೊಂದಾಗಿ ದಾಟಿಸೋದು, ಹೊಗೆ ಸುದ್ದಿ ಅದರ ಸಾಲಲ್ಲಿ ನಿಂತಿತ್ತು.”

“ಯಾವುದರ ಹಿಂದೆ?”

“ಹಾಜರಿ ಹಿಂದೆ. ಶಿಫ್ಟ್ ಬದಲಾಗೋ ಹೊತ್ತು, ಊರಿಗೆ ಊರೇ ಹೆಬ್ಬೆಟ್ಟು ಒತ್ತಿತ್ತು.”

“ಹಾಗಾದ್ರೆ ಬ್ರೋಕರ್ ಕಿತ್ತು ಬಿಸಾಕೋಣ.”

“ಹಾಜರಿಗೆ ಇರ್ಲಿ. ಆ ಕಡೆ ಸರ್ವರ್ ಮಲಗಿದ್ರೂ ಜೋಪಾನವಾಗಿ ಇಟ್ಕೊಂಡಿರುತ್ತೆ, ಸಂಜೆ ಮುಟ್ಟಿದ್ರೂ ಸರಿ. ಬೆಂಕಿ ಸುದ್ದಿ ಆದ್ರೆ ಸೈರನ್ ಸರ್ವರಿಗೇ ನೇರವಾಗಿ ಕೂಗ್ಬೇಕಿತ್ತು, ಅದು ‘ಕೇಳಿಸ್ತು’ ಅನ್ನೋವರೆಗೂ ಬಿಡಬಾರದಿತ್ತು.”

“ಹಾಗೆ ಮಾಡಿದ್ರೆ ಬಾಯ್ಲರ್ ನೋಡ್ಕೋತಿದ್ದ ಅಣ್ಣ ಉಳೀತಿದ್ರಾ?”

“ಬಾಗಿಲು ಹತ್ತಿರಾನೇ ಇತ್ತು. ಮೇಲೆ ಅವರ ಹೆಣದ ಪಕ್ಕ ಹೆಂಡತಿ ಕೂತು ಅದನ್ನೇ ಕೇಳ್ತಿದಾರೆ, ಸೈರನ್ ಯಾಕೆ ಸಮಯಕ್ಕೆ ಕೂಗ್ಲಿಲ್ಲ ಅಂತ.”

“ಕಂಪನಿಯವ್ರು ನಿಧಾನಕ್ಕೆ ತಿಳಿಸ್ತಾರೆ, ಬಿಡಿ ಮೇಡಂ.”

“ಇದನ್ನೂ ಸಾಲಲ್ಲಿ ನಿಲ್ಲಿಸ್ಲಾ? ನಾನೇ ಹೇಳ್ತೀನಿ. ಅವರು ಏನಂದ್ರೂ ಅಲ್ಲೇ ನಿಂತು ಕೇಳಿಸ್ಕೋತೀನಿ.”

ಆಕೆ ಸಾಲು ಬಿಟ್ಟು ಮೆಟ್ಟಿಲು ಹತ್ತಿದಳು. ಅವನೂ ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೆಂಗಸೊಬ್ಬಳ ಕೂಗು ಕೇಳಿತು. ಸಾಟಿಯಿಲ್ಲದ ನನ್ನ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡೆ.