ತೆರಿಗೆ ಉಳಿಸಲು ಬಂದ ವ್ಯಾನು

ಸಿದ್ಧ ಉಡುಪಿನ ಕಾರ್ಖಾನೆ ನಡೆಸುವ ಸಾಹುಕಾರರೊಬ್ಬರಿದ್ದರು, ಚನ್ನಬಸಪ್ಪ ಎಂದು. ಊರಾಚೆ ಕಾರ್ಖಾನೆ, ಊರೊಳಗೆ ಮನೆ, ಮನೆ ಮುಂದೆ ದೊಡ್ಡ ಕಾರು. ಅದರಲ್ಲಿ ಹೋಗುವವರು ಯಾರು? ಅವರೊಬ್ಬರೇ. ಬರುವವರು ಯಾರು? ಅವರೊಬ್ಬರೇ.

ಆ ವರ್ಷ ಸರ್ಕಾರ ಒಂದು ರಿಯಾಯಿತಿ ಕೊಟ್ಟಿತು. ಕೆಲಸಗಾರರನ್ನೆಲ್ಲ ಒಂದೇ ವ್ಯಾನಿನಲ್ಲಿ ಕರೆತರುವ ಮಾಲೀಕರಿಗೆ ತೆರಿಗೆ ಕಡಿಮೆ. ರಸ್ತೆಯ ಮೇಲೆ ಗಾಡಿಗಳ ಗದ್ದಲ ತಗ್ಗಲಿ ಎಂದು. ಆಡಿಟರು ಹೇಳಿದ್ದೇ ತಡ, ಸಾಹುಕಾರರು ವ್ಯಾನು ಕೊಂಡರು. ನೋಡಿ, ಕರುಣೆಯಿಂದಲ್ಲ. ತೆರಿಗೆ ಉಳಿಯುತ್ತದಲ್ಲ, ಅದಕ್ಕೆ.

ಆದರೆ ಹತ್ತುವವರೇ ಇಲ್ಲ. "ಇವತ್ತ ಪುಕ್ಕಟೆ ಕೂಡಿಸ್ಕೋತಾರ, ನಾಳೆ ಪಗಾರದಾಗ ಮುರಕೋತಾರ" ಎಂದು ಜನರಿಗೆ ಅನುಮಾನ. ವ್ಯಾನು ಖಾಲಿ ಓಡಿದರೆ ರಿಯಾಯಿತಿ ಸಿಗದು. ಕೊನೆಗೆ, ಜನರಿಗೆ ನಂಬಿಕೆ ಬರಲೆಂದು ಸಾಹುಕಾರರೇ ಹತ್ತಿ ಕೂತರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು.

ಮೊದಮೊದಲು ಸಾಹುಕಾರರು ದಿನಾ ಪೇಪರಿನಲ್ಲಿ ಮುಖ ಮುಚ್ಚಿಕೊಂಡಿರುತ್ತಿದ್ದರು. ಒಂದು ದಿನ ಹೊಲಿಗೆ ಕೆಲಸದ ದ್ಯಾಮವ್ವ ಪಕ್ಕದವಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಮೊದ್ಲ ಬಸ್ ಹಿಡಿಯಾಕಂತ ಮಗಳು ಏಳೂದರೊಳಗ ಮನಿ ಬಿಡ್ತಿದ್ದೆ. ಈಗ ನಾನ ಆಕೀಗೆ ಜಡಿ ಹಾಕಿ, ಸಾಲಿಗೆ ಕಳಿಸಿ ಬರ್ತೀನಿ ನೋಡು."

ಸಾಹುಕಾರರು ಪೇಪರು ಇಳಿಸಿದರು. "ನಿಮ್ಮ ಮನಿ ಎಲ್ಲೈತಿ ಯವ್ವಾ?"

"ನಿಮ್ಮ ಹಿಂದಿನ ಓಣಿಯಾಗರಿ. ಸಂಜಿಕ ಫ್ಯಾಕ್ಟರಿ ಗೇಟಿನ ಮುಂದ ಬಸ್ಸಿಗೆ ನಿಂತಾಗ ನಿಮ್ಮ ಕಾರು ದಿನಾ ನೋಡ್ತಿದ್ದೆರಿ."

ದೂರು ಹೇಳಿದ್ದಲ್ಲ ಆಕೆ, ಇದ್ದದ್ದು ಹೇಳಿದಳು. ಆದರೂ ಸಾಹುಕಾರರಿಗೆ ಆ ದಿನವೆಲ್ಲ ಅದೇ ಮಾತು ಕೊರೆಯಿತು. ಹಿಂದು ಮುಂದಿನ ಓಣಿ, ಒಂದೇ ದಾರಿ, ಇಷ್ಟು ವರ್ಷ. ಮರುದಿನದಿಂದ ಪೇಪರು ತರಲಿಲ್ಲ. ಹರಟೆ ಶುರುವಾಯಿತು.

ಮರುವರ್ಷ ಸರ್ಕಾರ ರಿಯಾಯಿತಿ ತೆಗೆದುಹಾಕಿತು. ಸುದ್ದಿ ಕೇಳಿ ಹೊಲಿಗೆ ಯಂತ್ರಗಳ ಮುಂದೆ ಎಲ್ಲರ ಮುಖ ಸಪ್ಪಗಾಯಿತು. ಆಡಿಟರು ಬಂದು, "ಸರ್, ಇನ್ನ ವ್ಯಾನು ಮಾರಿಬಿಡ್ರಿ" ಎಂದರು.

"ವ್ಯಾನು ಬ್ಯಾಡ, ಕಾರು ಮಾರೂಣು" ಎಂದರು ಸಾಹುಕಾರರು. "ಅದರಾಗ ನನ್ನ ಜೋಡಿ ಮಾತಾಡಾಕ ಯಾರದಾರ?"

ಈಗ ನಿಮ್ಮನ್ನೇ ಕೇಳುತ್ತೇನೆ. ಜೊತೆಗೆ ಒಬ್ಬರನ್ನು ಕೂಡಿಸಿಕೊಳ್ಳಲು ನಮಗೆ ಸರ್ಕಾರ ಆಸೆ ತೋರಿಸಬೇಕೇ? ತೋರಿಸಲಿ, ತಪ್ಪೇನಿಲ್ಲ. ಆದರೆ ಆ ಆಸೆ ಮುಗಿದ ಮೇಲೂ ಉಳಿಯುವುದೇ ಧರ್ಮ. ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಪಕ್ಕದ ಮನೆಯ ಬಾಗಿಲು ತಟ್ಟಿ. ಎಲ್ಲಿಗೆ ಹೊರಟಿದ್ದೀರಿ, ಬನ್ನಿ ಕೂಡಿ ಹೋಗೋಣ ಎನ್ನಿ. ನಾಳೆಯವರೆಗೂ ಯಾಕೆ? ಈ ಪ್ರವಚನ ಕೇಳಲು ಬಂದ ನಿಮ್ಮ ಕಾರುಗಳು ಹೊರಗೆ ಸಾಲಾಗಿ ನಿಂತಿವೆ. ಮಠದ ಕಡೆ ಹೋಗುವವರು ಯಾರಿದ್ದೀರಿ? ಕೈ ಎತ್ತಿ. ಇವತ್ತು ಮಠಕ್ಕೆ ಮರಳಲು ನಾನೂ ನಿಮ್ಮ ಜೊತೆಗೇ ಬರುತ್ತೇನೆ.