ಡಾಕ್ಟರ್ ಬರೆದ ಬ್ರಾಂಡಿ

೧೯೭೯ರಲ್ಲಿ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಔಷಧಿಯ ಸರದಿಗೆ ನಿಂತಿದ್ದೆ. ನನ್ನ ಮುಂದೆ ಪೀರನವಾಡಿಯ ಅತ್ತೆ ಮತ್ತು ಸೊಸೆ. ಚೀಟಿ ಸೊಸೆಯ ಕೈಯಲ್ಲಿತ್ತು.

“ಇದು ಇಲ್ಲಿ ಸಿಗೂದಿಲ್ಲಂತ್ರಿ ಅತ್ತಿ. ಬ್ರಾಂಡಿ ಬರದಾರ.”

“ಕಟಗಿಗೆ ಹಚ್ಚೂ ಪಾಲಿಶ್ ಸ್ಪಿರಿಟ್ ಕುಡದ ನನ್ನ ಮಗನ ಕಣ್ಣ ಹೋಗ್ಯಾವು. ಮತ್ತ ಅವಂಗ ಶೆರೆ ಕುಡಸ್ತಾರೇನು?”

“ಆ ವಿಷಕ್ಕ ಇದ ಔಷಧಂತ್ರಿ. ತಾಸತಾಸಿಗೆ ಅಳದ ಕುಡಸ್ತಾರಂತ.”

“ಕುಡಸ್ತಾರೋ, ತಾವ ಕುಡೀತಾರೋ, ಯಾರು ಕಂಡಾರ?”

“ಡಾಕ್ಟರ್ ಸಹಿ ಐತ್ರಿ.”

“ನಿನ್ನ ಗಂಡಂದ ಕಾರಭಾರ ಇರಬೇಕು. ಅವನ ಬರಸ್ಯಾನ.”

“ಮುಂಜಾನಿಂದ ಅವರಿಗೆ ನನ್ನ ಮಾರೀನ ಕಾಣವಲ್ದು. ಚೀಟಿ ಹೆಂಗ ಬರಸ್ತಾರ್ರಿ? ಶೆರೆ ಅಂಗಡಿಗೆ ಹೋಗಿ ನಾನ ತರ್ತೀನಿ.”

ಅತ್ತೆ ಚೀಟಿಯನ್ನು ತಿರುವಿ ನೋಡಿದರು.

“ಶೆರೆ ಅಂಗಡಿ ನಿನಗ ಹೆಂಗ ಗೊತ್ತು?”

“ನಿಮ್ಮ ಮಗನ್ನ ಮನಿಗೆ ಕರಕೊಂಡ ಬರಾಕ ವಾರಾ ವಾರಾ ಅಲ್ಲಿಗೆ ಯಾರ ಹೋಗತಿದ್ರು?”

ಅತ್ತೆ ಚೀಟಿಯನ್ನು ಸೊಸೆಯ ಕೈಗೆ ಕೊಟ್ಟರು.

“ನಡಿ, ನಾನೂ ಬರ್ತೀನಿ. ಬಾಟ್ಲಿ ಮಾತ್ರ ನನ್ನ ಕೈಯಾಗ ಇರಲಿ.”

ಇಬ್ಬರೂ ತಲೆಯ ಮೇಲೆ ಸೆರಗೆಳೆದುಕೊಂಡು ಸರದಿ ಬಿಟ್ಟು ಹೊರಟರು.