ಹಿಂದಿನವನ ಕೋಲು

ಮೆಲ್ಲಗೆ ಮಾತಾಡಿ. ಪಕ್ಕದ ಮನೆಯ ಗಾಳೆಮ್ಮ ಇನ್ನೂ ಮಲಗಿಲ್ಲ. ಇದು ಅವಳ ಗಂಡ ಹುಲುಗಪ್ಪನ ಸುದ್ದಿ. ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿತ್ತವಾಡ್ಗಿಯಲ್ಲೇ, ನಮ್ಮ ಓಣಿಯಲ್ಲೇ ಅವನ ಜೊತೆಗಾರ ಹೊನ್ನೂರಸ್ವಾಮಿಗೆ ಆದದ್ದು.

ಎಂಬತ್ತೇಳನೇ ಇಸವಿ. ಉಂಡು ಮಲಗುವ ಹೊತ್ತೂ ಮೀರಿತ್ತು. ಹೊನ್ನೂರಸ್ವಾಮಿ ಹೊಸಪೇಟೆ ಬಸ್ ಸ್ಟ್ಯಾಂಡಿನ ಕಡೆಯಿಂದ ಒಬ್ಬನೇ ನಡೆದು ಬರುತ್ತಿದ್ದ. ಆಟೋಗಳೆಲ್ಲ ಮನೆ ಸೇರಿದ್ದವು. ಕಾಲುವೆಯ ಕಲ್ಲಿನ ಸೇತುವೆ ದಾಟಿದ. ಮುಂದೆ ದೊಡ್ಡ ಆಲದ ಮರ. ಮರದ ಬುಡದಲ್ಲಿ ತನ್ನ ಕೈ ತನಗೆ ಕಾಣದ ಕತ್ತಲು. ಕೆಳಗೆ ಕಾಲುವೆಯ ನೀರು ಗುಳುಗುಳು ಅನ್ನುತ್ತಿತ್ತು. ಅಷ್ಟೇ ಸಪ್ಪಳ.

ಹಿಂದೆ, ಸೇತುವೆಯ ಮೇಲೆ…

ಟಕ್… ಟಕ್.

ಕಬ್ಬಿಣದ ತುದಿಯ ಕೋಲು ಕಲ್ಲಿಗೆ ತಾಗಿದ ಸಪ್ಪಳ. ಎರಡು ಸಲ. ನಡುವೆ ಒಂದು ಉಸಿರಿನಷ್ಟು ಬಿಡುವು.

ಹೊನ್ನೂರಸ್ವಾಮಿಗೆ ಹೋದ ಜೀವ ಬಂದಂತಾಯಿತು. ಆ ಸಪ್ಪಳ ಅವನು ಮೂರು ವರ್ಷದಿಂದ ಬೆನ್ನ ಹಿಂದೆ ಕೇಳುತ್ತಿದ್ದ ಸಪ್ಪಳ.

"ಹುಲುಗಣ್ಣಾ! ಬಂದ್ಯಾ? ಎಪ್ಪಾ… ಜೀವ ತಿಂದ್ಬಿಟ್ಟಿ ನೋಡು. ಲಾರಿ ಸಿಕ್ತೇನು?"

ನೀರು ಮಾತ್ರ ಗುಳುಗುಳು.

ಅವನು ನಿಂತ. ಹಿಂದಿನದೂ ನಿಂತಿತು.

ಹುಲುಗಪ್ಪ ಯಾರು, ಅವನ ದಾರಿ ಯಾಕೆ ಕಾಯುತ್ತಿದ್ದರು, ಅದನ್ನು ಮೊದಲು ಹೇಳಬೇಕು.

ಹುಲುಗಪ್ಪ ಕುರಿ ಕಾಯುವ ಮನುಷ್ಯ. ಕಾಲುವೆ ಬಂತು, ಸೀಮೆ ಉದ್ಧಾರವಾಯಿತು ಅಂತ ಭಾಷಣ ಬಿಗಿಯುತ್ತಾರಲ್ಲ, ಆ ಉದ್ಧಾರ ಹುಲುಗಪ್ಪನಿಗೆ ಹೇಗೆ ಬಂತು ಕೇಳಿ. ಕಂಪ್ಲಿಯಿಂದ ಈಚೆಗೆ ನೋಡಿದಲ್ಲೆಲ್ಲ ಭತ್ತ, ಕಬ್ಬು, ಬಾಳೆ. ಕುರಿ ಮೇಯುತ್ತಿದ್ದ ಬೀಳು ನೆಲಕ್ಕೆಲ್ಲ ತಂತಿ ಬೇಲಿ. ಕುರಿ ಕಬ್ಬಿಗೆ ಬಾಯಿ ಹಾಕಿದರೆ ಕುರಿಗಾರನ ಬೆನ್ನಿಗೆ ಬಾರುಕೋಲು. ಹುಲುಗಪ್ಪ ಕುರಿ ಮಾರಿದ. ಕೋಲೊಂದನ್ನು ಉಳಿಸಿಕೊಂಡ.

ಅದೇ ನೀರಿನಲ್ಲಿ ಒಬ್ಬ ಸಾವ್ಕಾರ ಕೊಬ್ಬಿದ. ಅವನ ಹೆಸರು ಹೇಳಿ ನಾಲಿಗೆ ಹೊಲಸು ಮಾಡಿಕೊಳ್ಳುವುದು ಬೇಡ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಹಾಕಿದ, ಹೊಸಪೇಟೆಯಲ್ಲಿ ಲಾಡ್ಜ್ ಕಟ್ಟಿಸಿದ, ಒಂದು ಮೆಟಡೋರ್ ವ್ಯಾನು ಕೊಂಡ. ಲಾಡ್ಜಿನ ಗೋಡೆಗೆ ಯಾರೋ ಬಿಟ್ಟುಹೋದ ಫಾರಿನ್ ಕ್ಯಾಲೆಂಡರ್ ಇತ್ತು. ಅಮೆರಿಕದ ಮರಳುಗಾಡಿನ ಕೆಂಪು ಕಣಿವೆ, ಅದರೊಳಗೆ ಟೋಪಿ ಹಾಕಿದ ಮಂದಿ ಸಾಲುಹಿಡಿದು ನಡೆಯುವ ಚಿತ್ರ. ಸಾವ್ಕಾರ ಅದನ್ನು ನೋಡಿ, "ಇಂಥಾದ್ದು ನಮ್ಮ ಸಂಡೂರಾಗ ಇಲ್ಲೇನಲೇ?" ಅಂದ. ಮೂರು ದಿನದ ಟೂರ್ ಶುರುವಾಯಿತು. ಒಂದು ದಿನ ಹಂಪಿ, ಒಂದು ದಿನ ಕಂಪ್ಲಿ ಹೊಳೆಯಲ್ಲಿ ಹರಿಗೋಲು, ಕೊನೆಯ ದಿನ ಸಂಡೂರಿನ ಗಂಡಿ. ಗಂಡಿ ಅಂದರೆ ಎರಡು ಕೆಂಪು ಗುಡ್ಡಗಳ ನಡುವಿನ ಇಕ್ಕಟ್ಟು. ತಳದಲ್ಲಿ ಹಳ್ಳ, ಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ದಾರಿ.

ಹಂಪಿ ಬಜಾರಿನಲ್ಲಿ ಎಳನೀರು ಮಾರುತ್ತ ಇಂಗ್ಲಿಷ್ ಕಲಿತಿದ್ದ ಹೊನ್ನೂರಸ್ವಾಮಿ ಸಾಲಿನ ಮುಂದೆ. ಹುಲುಗಪ್ಪ ಸಾಲಿನ ಹಿಂದೆ. ದಾರಿ ತೋರಿಸಲು ಸಾವ್ಕಾರ ಇಟ್ಟ ಆಳು ಈ ಇಬ್ಬರೇ.

ಗಂಡಿಯಲ್ಲಿ ಮುಂದಿನವನಿಗೆ ಹಿಂದಿನವ ಕಾಣುವುದಿಲ್ಲ. ಅದಕ್ಕೆ ಕುರಿಯವರದೊಂದು ಪದ್ಧತಿ ಇದೆ. ಪ್ರತಿ ತಿರುವಿನಲ್ಲೂ ಹಿಂದಿನವ ಕೋಲಿನಿಂದ ಬಂಡೆಗೆ ಎರಡು ಪೆಟ್ಟು ಬಡಿಯುತ್ತಾನೆ. ಎಲ್ಲವೂ ದಾಟಿದವು, ನಡಿ ಅಂತ ಅದರ ಅರ್ಥ. ಬಯಲಿಗೆ ಬಂದ ಮೇಲೆ ಮುಂದಿನವ ತಿರುಗಿ ನಿಂತು, "ಎಲ್ಲಾರೂ ಮುಟ್ಟಿದ್ವೋ!" ಅಂತ ಕೂಗಬೇಕು. ಆ ಕೂಗು ಕಿವಿಗೆ ಬೀಳುವ ತನಕ ಹಿಂದಿನವ ಕೋಲು ಬಡಿಯುವುದನ್ನು ಬಿಡುವಂತಿಲ್ಲ. ಮಳೆ ಬರಲಿ, ಕರಡಿ ಬರಲಿ.

"ಇವರೂ ಕುರಿನ ಬಿಡು," ಅನ್ನುತ್ತಿದ್ದ ಹುಲುಗಪ್ಪ, ಟೂರಿನ ಮಂದಿಯನ್ನು ನೋಡಿ. "ಕುರಿಗೆ ಫೋಟೋದ ಹುಚ್ಚು ಇರ್ಲಿಲ್ಲ. ಅಷ್ಟ ಫರಕು."

ಆ ದಿನ ಬೆಳಿಗ್ಗೆ ಇಬ್ಬರೂ ಓಣಿಯಿಂದ ಜೊತೆಗೇ ಹೊರಟಿದ್ದರು. ಓಣಿಗೆ ಮೊದಲ ಸಲ ಡಾಂಬರು ಬರುವುದಿತ್ತು. ಜೆಲ್ಲಿಕಲ್ಲು ಹರಡಿದ್ದರು, ಡ್ರಮ್ಮುಗಳನ್ನು ಉರುಳಿಸಿಟ್ಟಿದ್ದರು, ಡಾಂಬರು ಕಾಯಿಸುವ ಒಲೆ ಇನ್ನೂ ಹೊತ್ತಿಸಿರಲಿಲ್ಲ. ಹುಲುಗಪ್ಪ ಕೋಲಿನಿಂದ ಒಂದು ಡ್ರಮ್ಮನ್ನು ಢಣ್ ಅನ್ನಿಸಿ, "ಸಂಜಿಗೆ ಬರೂದ್ರಾಗ ನಮ್ಮ ಓಣಿ ಬೆಂಗಳೂರ ಆಗಿರ್ತೈತಿ," ಅಂತ ನಕ್ಕ.

ಗಂಡಿಯಿಂದ ಬೆಳಕಿರುವಾಗಲೇ ಇಳಿಯಬೇಕು. ಆದರೆ ಸಾವ್ಕಾರ ಗುಡ್ಡದ ಮೇಲಿಂದ ಸೂರ್ಯ ಮುಳುಗುವುದನ್ನು ತೋರಿಸುತ್ತೇನೆ ಅಂತ ಮಂದಿಗೆ ಮಾತು ಕೊಟ್ಟಿದ್ದ. ಹುಲುಗಪ್ಪ ಒಂದು ಬ್ಯಾಟರಿ ಕೇಳಿದ್ದ.

"ಕುರಿಗಾರಗ ಬ್ಯಾಟ್ರಿ ಯಾಕಲೇ? ನೀ ಕತ್ತಲಾಗ ಹುಟ್ಟಿದಾವ," ಅಂದಿದ್ದ ಸಾವ್ಕಾರ. ಇದ್ದ ಒಂದು ಬ್ಯಾಟರಿ ಮುಂದಿನವನ ಕೈಗೆ.

ಸೂರ್ಯ ಮುಳುಗಿದ. ಫೋಟೋ ಹೊಡೆದರು. ಇಳಿಯಲು ಶುರು ಮಾಡಿ ಮೊದಲ ತಿರುವು ದಾಟಿದ್ದರು. ಬೊಂಬಾಯಿಯ ಒಬ್ಬ ಅಮ್ಮನವರು ನಿಂತುಬಿಟ್ಟರು. ಕ್ಯಾಮೆರಾದ ಕಣ್ಣಿಗೆ ಹಾಕುವ ಕರಿ ಮುಚ್ಚಳ ಮೇಲೆ ಬಿದ್ದಿದೆಯಂತೆ. ಇಷ್ಟಗಲದ ಪ್ಲಾಸ್ಟಿಕ್ ಮುಚ್ಚಳ! ಹೊನ್ನೂರಸ್ವಾಮಿ ಹಿಂದಕ್ಕೆ ಕೂಗಿದ.

"ಹುಲುಗಣ್ಣಾ, ಮ್ಯಾಲೆ ಹೋಗಿ ಒಂದೀಟು ನೋಡಿಕೊಂಡು ಬಾರೋ."

"ಆತು. ನೀ ನಡಿ. ಕುರಿ ನಿಂದ್ರಿಸಬ್ಯಾಡ."

ಅದೇ ಹುಲುಗಪ್ಪನ ಕಡೆಯ ಮಾತು.

ಎರಡನೇ ತಿರುವಿನಲ್ಲಿ ಹೊನ್ನೂರಸ್ವಾಮಿ ಕಿವಿಗೊಟ್ಟ. ಟಕ್… ಟಕ್. ಬಂದ, ಜಲ್ದಿನೇ ಬಂದ ಅಂದುಕೊಂಡ. ಮುಂದಿನ ತಿರುವಿನಲ್ಲೂ ಟಕ್… ಟಕ್. ಅದರ ಮುಂದೆಯೂ. ಕೆಳಗೆ ಬರುವವರೆಗೆ ಒಂದು ತಿರುವೂ ತಪ್ಪಲಿಲ್ಲ.

ಬಯಲಿನಲ್ಲಿ ಮೆಟಡೋರ್ ನಿಂತಿತ್ತು. ಸಾವ್ಕಾರ ತಾನೇ ಹಾರ್ನ್ ಒತ್ತುತ್ತಿದ್ದ. ಮಂದಿ ಹತ್ತಿ ಕುಂತರು. ಹೊನ್ನೂರಸ್ವಾಮಿ ಕೂಗಲು ಗಂಡಿಯ ಕಡೆ ತಿರುಗಿದ. ಗಾಡಿ ಉರುಳಲು ಶುರುವಾಯಿತು.

"ಸಾವ್ಕಾರ್ರೆ, ಹುಲುಗಪ್ಪ ಇನ್ನೂ ಬರಬೇಕ್ರಿ. ಇಲ್ಲೇ ಹಿಂದ ಅದಾನ, ಸಪ್ಪಳ ಕೇಳ್ತು."

"ಅದಿರಿನ ಲಾರಿ ಹತ್ತಿ ಬರ್ತಾನ. ಮಂದಿಗೆ ರಾತ್ರಿ ರೈಲು ಐತಿ. ಹತ್ತಲೇ!"

ಓಡಿ ಹತ್ತಿದ. ಕೂಗಲಿಲ್ಲ.

ಲಾಡ್ಜಿನಲ್ಲಿ ಕಾದ. ಹುಲುಗಪ್ಪ ಬರಲಿಲ್ಲ. ಗಾಡಿ ಕಳಿಸಿರಿ ಅಂತ ಕೈಮುಗಿದ. ಸಾವ್ಕಾರ ಅವನನ್ನು ಮೂಲೆಗೆ ಕರೆದ. ದನಿ ಇಳಿಸಿದ.

"ಅವ ಇವತ್ತು ಬಂದ ಇಲ್ಲ. ಕಂಪ್ಲಿಗೆ, ಬೀಗರ ಮನಿಗೆ ಹೋಗ್ಯಾನ. ಯಾರ ಕೇಳಲಿ, ಹಿಂಗ ಹೇಳು. ತಿಳೀತಾ? ನಾಳಿಗೂ ನಿನಗ ಕೆಲಸ ಬೇಕಲ್ಲ?"

ಬ್ಯಾಟರಿಯನ್ನೂ ಕಸಿದುಕೊಂಡು ಕಳಿಸಿದ.

ಇಷ್ಟು ನಡೆದು ಹೊನ್ನೂರಸ್ವಾಮಿ ಆ ಆಲದ ಮರದ ಕೆಳಗೆ ನಿಂತಿದ್ದ. ತಿರುಗಿ ನೋಡಿದ. ಹಿಂದೆ ಸೇತುವೆ. ಚುಕ್ಕಿ ಬೆಳಕಿನಲ್ಲಿ ಸೇತುವೆಯ ಮೇಲೆ… ಯಾರೂ ಇಲ್ಲ. ಕಲ್ಲು ತೊಳೆದಿಟ್ಟಂತೆ ಬರಿದಾಗಿತ್ತು.

ಅವನು ಎರಡು ಹೆಜ್ಜೆ ಇಟ್ಟ. ಹಿಂದೆ, ಮರದ ಬೇರಿನ ಹತ್ತಿರ…

ಟಕ್… ಟಕ್.

ಈ ಸಲ ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಓಣಿಯ ಬಾಯಿಗೆ ಬಂದಾಗ ಚಪ್ಪಲಿ ನೆಲಕ್ಕೆ ಹತ್ತಿ ಪಚ್ ಅಂದಿತು. ಡಾಂಬರು. ಅವರು ಸಂಡೂರಿನಲ್ಲಿದ್ದಾಗ ಹಾಕಿದ್ದರು. ಇನ್ನೂ ಬಿಸಿ ವಾಸನೆ. ಪಚ್, ಪಚ್ ಅನ್ನುತ್ತ ನಡೆದ. ಹಿಂದಿನ ಸಪ್ಪಳವೂ ಬದಲಾಯಿತು. ಈಗ ಟಕ್ ಅಲ್ಲ. ಮೆತ್ತಗಿನ ಡಾಂಬರಿನಲ್ಲಿ ಕೋಲು ಊರಿ ಏಳುವ ಸಪ್ಪಳ.

ದಪ್… ದಪ್.

ಗಾಳೆಮ್ಮನ ಬಾಗಿಲು ತೆರೆದಿತ್ತು. ಚಿಮಣಿ ದೀಪ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಬಂದ್ರಾ? ಸೇತುವಿ ಮ್ಯಾಲೆ ಕೋಲು ಬಡದದ್ದು ಕೇಳ್ತು. ಆಗಲೇ ಎದ್ದು ರೊಟ್ಟಿ ಬಿಸಿ ಮಾಡೀನಿ." ಹೊನ್ನೂರಸ್ವಾಮಿಯ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿದಳು. "ಎಲ್ಲಿ ನಿಮ್ಮಣ್ಣ?"

ಹೊನ್ನೂರಸ್ವಾಮಿಗೆ ನಾಳಿನ ಕೆಲಸ ನೆನಪಾಯಿತು. ಸಾವ್ಕಾರನ ಮಾತು ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತು.

"ಅವ… ಅವ ಇವತ್ತು ನಮ್ಮ ಜೋಡಿ ಬರ್ಲಿಲ್ಲ ಅತ್ತಿಗಿ. ಕಂಪ್ಲಿಗೆ ಹೋದ."

ದಪ್… ದಪ್.

ಅವನ ಹಿಮ್ಮಡಿಯ ಹಿಂದೆಯೇ. ಒಂದು ಮಾರೂ ಇಲ್ಲ.

ಗಾಳೆಮ್ಮ ಚಿಮಣಿ ಮೇಲೆತ್ತಿದಳು. ಬೆಳಕು ಓಣಿಯ ಉದ್ದಕ್ಕೂ ಬಿತ್ತು. ಕರಿ ರಸ್ತೆ ಮಿರಮಿರ ಮಿಂಚಿತು. ನೊಣವೂ ಇರಲಿಲ್ಲ. ಅವಳು ಮೆಲ್ಲಗೆ ಕೇಳಿದಳು.

"ಮತ್ತ… ನಿನ್ನ ಹಿಂದ ಬಂದಾವ ಯಾರು ಹೊನ್ನೂರಪ್ಪ?"

ಅವನು ಮುಚ್ಚಳ, ಗಂಡಿ, ಹಾರ್ನು, ಸಾವ್ಕಾರನ ಮಾತು, ಎಲ್ಲವನ್ನೂ ಒದರಿದ. ಗಾಳೆಮ್ಮ ಅಳಲಿಲ್ಲ. ಅವಳೂ ಕುರಿಯವರ ಮನೆಯಲ್ಲಿ ಹುಟ್ಟಿದವಳು. ಒಂದೇ ಮಾತು ಕೇಳಿದಳು.

"ಮುಟ್ಟಿದ್ವಿ ಅಂತ ಕೂಗಿದ್ಯಾ?"

"ಇಲ್ಲ… ಗಾಡಿ ಬಿಟ್ಟರು."

"ಹಂಗಾರ ಅವ ನಿಂದ್ರಂಗಿಲ್ಲ."

"ಈಗ ಕೂಗ್ಲೇನು ಅತ್ತಿಗಿ? ಕೂಗಿಬಿಡ್ತೀನಿ…"

"ಬ್ಯಾಡ!" ಅವಳ ಕೈ ಅವನ ಬಾಯಿ ಮುಚ್ಚಿತು. "ಎಲ್ಲಾರೂ ಎಲ್ಲಿ ಮುಟ್ಟೀರಿ? ಅವಗ ಸುಳ್ಳು ಕೂಗಬ್ಯಾಡ. ತಂದು ಇಲ್ಲಿ ಇಳಿಸು. ಆಮ್ಯಾಲೆ ಕೂಗು."

ಓಣಿಯ ಉಚ್ಚೆಂಗಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಅವನನ್ನು ಎಬ್ಬಿಸಿದರು. ಖಾಲಿ ಲಾರಿಯಲ್ಲಿ ಮೂವರೂ ಹೊರಟರು. ಗಂಡಿಗೆ ಹೋದಾಗ ಮೂಡಣ ಬೆಳ್ಳಗಾಗುತ್ತಿತ್ತು.

ಹುಲುಗಪ್ಪ ಸಿಕ್ಕ. ಎಲ್ಲಿ ಗೊತ್ತೇ? ಮೇಲಿನ ಮೊದಲ ತಿರುವಿನ ಕೆಳಗೆ, ಹಳ್ಳದ ಬಂಡೆಯ ಮೇಲೆ. ಮುಚ್ಚಳ ತರಲು ಹೋಗಿ ಮರಳುವಾಗಲೇ ಜಾರಿದ್ದ. ಎರಡನೇ ತಿರುವಿಗೆ ಅವನು ಬಂದೇ ಇರಲಿಲ್ಲ. ತಲೆ ಒಡೆದು ರಕ್ತ ಕೆಂಪು ಮಣ್ಣಿನಲ್ಲಿ ಒಣಗಿತ್ತು. ಬಲಗೈ ಮುಷ್ಟಿಯೊಳಗೆ ಆ ಕರಿ ಮುಚ್ಚಳ. ಪಕ್ಕದಲ್ಲಿ ಕೋಲು.

ಉಚ್ಚೆಂಗಪ್ಪ ಕೋಲನ್ನು ತುದಿ ಹಿಡಿದು ಎತ್ತಿಕೊಂಡ. ಅಂಗೈಗೆ ಏನೋ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡ. ಲಾರಿಯ ಗ್ರೀಸ್ ಇರಬೇಕು ಅಂದುಕೊಂಡ.

ಪೊಲೀಸರು ಬಂದರು. ಅವರ ಜೀಪಿನ ಹಿಂದೆಯೇ ಸಾವ್ಕಾರ.

"ನಮ್ಮಾವ ಅಲ್ರಿ ಇವ. ಕುರಿ ಕಾಯಾಕ ಬಂದಾವ ಇರಬೇಕು," ಅಂದ.

ಗಾಳೆಮ್ಮ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದಳು. "ಎಲ್ಲಿ ಕುರಿ ಸಾವ್ಕಾರ್ರೆ? ಒಂದು ಬಾಲ ಆದ್ರೂ ತೋರಿಸ್ರಿ. ನಿಮ್ಮ ಕಬ್ಬಿನ ಹೊಲ ನಮಗ ಕುರಿ ಉಳಿಸೈತೇನು?"

ಎಲ್ಲರೂ ಹೊನ್ನೂರಸ್ವಾಮಿಯ ಮುಖ ನೋಡಿದರು. ಸಾವ್ಕಾರನೂ ನೋಡಿದ.

"ನಾನು ಮುಂದಿನಾವ," ಅಂದ ಹೊನ್ನೂರಸ್ವಾಮಿ. "ಇವ ನನ್ನ ಹಿಂದಿನಾವ. ಕರಕೊಂಡು ಬಂದಾವ್ರು ಇವ್ರು. ಬಿಟ್ಟು ಹೋಗಿದ್ದೂ ಇವ್ರೇ. ಇವ್ರ ಜೋಡಿ ನಾನೂ ಬಿಟ್ಟು ಹೋದೆ."

ಆವತ್ತಿಗೆ ಅವನ ಕೆಲಸ ಮುಗಿಯಿತು. ಕೇಸು ಏನಾಯಿತು ಅಂತ ಕೇಳಬೇಡಿ. ಮುಂದಿನ ವರ್ಷ ಲಾಡ್ಜಿನ ಮೇಲೆ ಇನ್ನೊಂದು ಮಹಡಿ ಎದ್ದಿತು, ಗಂಡಿಗೆ ಬೇರೆ ಇಬ್ಬರು ಬಂದರು. ಈ ಸೀಮೆಯಲ್ಲಿ ಸತ್ತವರಿಗಿಂತ ಅದಿರಿಗೆ ಬೆಲೆ ಜಾಸ್ತಿ.

ಹೆಣ ಓಣಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಹೊನ್ನೂರಸ್ವಾಮಿ ಲಾರಿಯ ಮುಂದೆ ನಡೆದು ಬಂದ. ಕೋಲು ಲಾರಿಯೊಳಗೆ, ಹೆಣದ ಪಕ್ಕದಲ್ಲಿ ಮಲಗಿತ್ತು. ಆದರೂ ಲಾರಿಯ ಹಿಂದೆ, ಓಣಿಯ ತಿರುವಿನಲ್ಲಿ, ದಪ್… ದಪ್. ಓಣಿಗೆ ಓಣಿಯೇ ಕೇಳಿತು. ಹೆಂಗಸರು ಮಕ್ಕಳ ಕಿವಿ ಮುಚ್ಚಿದರು.

ಹುಲುಗಪ್ಪನನ್ನು ಅವನ ಹೊಸ್ತಿಲ ಮುಂದೆ ಇಳಿಸಿದರು. ಗಾಳೆಮ್ಮ ತಲೆಯಾಡಿಸಿದಳು. ಹೊನ್ನೂರಸ್ವಾಮಿ ಓಣಿಯ ಕಡೆ ತಿರುಗಿ ನಿಂತ. ಕೂಗಿದ.

"ಎಲ್ಲಾರೂ… ಎಲ್ಲಾರೂ ಮುಟ್ಟಿದ್ವೋ!"

ಅಷ್ಟೇ. ಆಮೇಲೆ ಕಾಲುವೆಯ ನೀರಿನ ಗುಳುಗುಳು ಮಾತ್ರ. ಅಂದಿನಿಂದ ಇಂದಿನವರೆಗೆ ಆ ಸಪ್ಪಳ ಯಾರೂ ಕೇಳಿಲ್ಲ.

ನಂಬದವರು ನಂಬಬೇಡಿ. ಆದರೆ ಸುಳ್ಳು ಅನ್ನಬೇಡಿ. ಉಚ್ಚೆಂಗಪ್ಪ ಇನ್ನೂ ಬದುಕಿದ್ದಾನೆ, ಕೇಳಿ. ಕೋಲು ಗಾಳೆಮ್ಮನ ಮನೆಯಲ್ಲೇ ಇದೆ, ಬಾಗಿಲ ಹಿಂದೆ. ಬೆಳಗಾದ ಮೇಲೆ ಹೋಗಿ ನೋಡಿ. ಕಬ್ಬಿಣದ ತುದಿಗೆ ಗಟ್ಟಿಯಾದ ಡಾಂಬರು ಮೆತ್ತಿದೆ. ಅದರಲ್ಲಿ ಒಂದು ಜೆಲ್ಲಿ ಚೂರು ಕಚ್ಚಿಕೊಂಡಿದೆ.